ದೂರದ ಬಸದಿಯ ನೇಮ

ಐನಾಪುರದ ಅಕ್ಕುತಾಯಿಯ ಬಾಯಿಗೆ ಊರೇ ಹೆದರುತ್ತಿತ್ತು. ಸೊಸೆ ಸುಗಂಧಾ ಬಸುರಿಯಾದರೆ ಮಾತ್ರ ಹೆದರುವ ಪಾಳಿ ಅಕ್ಕುತಾಯಿಯದು. ಮೊದಲ ಸಲ ಸೊಸೆಯನ್ನು ಹಾಸಿಗೆಯಿಂದ ಇಳಿಯಗೊಡದೆ, ಮಲಗಿದಲ್ಲಿಗೇ ಊಟದ ತಾಟು ತಂದುಕೊಟ್ಟು ಕಾದಿದ್ದಳು. ಹುಟ್ಟಿದ ಕೂಸು ಅಂಗೈಯಷ್ಟಿತ್ತು, ವಾರವೂ ಬಾಳಲಿಲ್ಲ. ಕೂಸಿನ ಹಿಂದೆ ಬಿದ್ದ ಮಾಸು ಬೆಳೆದೇ ಇಲ್ಲ, ಅದು ಕೂಸಿಗೆ ಹೊಟ್ಟೆ ತುಂಬ ಉಣಿಸಿಲ್ಲ ಎಂದು ಸೂಲಗಿತ್ತಿ ಸುಂದ್ರವ್ವ ಹೇಳಿದ್ದಳು.

ತೊಂಬತ್ತೆರಡನೆಯ ಇಸವಿಯಲ್ಲಿ ಸುಗಂಧಾ ಮತ್ತೆ ಬಸುರಿಯಾದಳು. ಚಿಕ್ಕೋಡಿಯ ಡಾಕ್ಟರಬಾಯಿ ಪರೀಕ್ಷೆ ಮಾಡಿ ಬೇರೆಯೇ ಮಾತು ಹೇಳಿದರು.

"ಮಾಸು ಬೇರೂರೂದು ಈ ಮೊದಲಿನ ತಿಂಗಳಾಗರಿ. ಇಕಿಗೆ ನೋವಿಲ್ಲ, ರಕ್ತ ಹೋಗಾಕತ್ತಿಲ್ಲ. ದಿನಾ ಹಗೂರಕ ನಡೀಲಿ. ನಡದಾಡೋರ ಮಾಸು ಚಲೋ ಬೆಳೀತೈತಿ ಅಂತ ಈಗ ಕಂಡಕೊಂಡಾರ."

"ಹೌದ್ರಿ" ಎಂದು ತಲೆಯಾಡಿಸಿದ ಅಕ್ಕುತಾಯಿ ಮನೆಗೆ ಬಂದವಳೇ ಮೆತ್ತನೆಯ ಹಾಸಿಗೆ ಹಾಸಿದಳು. ಓದಿದವರ ಮಾತು ಓದಿದವರಿಗೆ!

ಮರುದಿನ ಬೆಳಿಗ್ಗೆ ಸೊಸೆ ನಾಷ್ಟಾ ಮುಟ್ಟಲಿಲ್ಲ.

"ನೇಮ ತಗೊಂಡೇನ್ರಿ ಅತ್ತಿ. ದಿನಾ ತ್ವಾಟದ ಆಚಿ ಬಸದ್ಯಾಗ ದರ್ಶನ ಆಗೂತನಾ ಬಾಯಾಗ ಏನೂ ಹಾಕೂದಿಲ್ಲ."

"ಮನಿ ಬಾಜೂಕ ಬಸದಿ ಇಲ್ಲೇನ?"

"ಐತ್ರಿ. ನಾ ನೆನಸಿದ್ದು ಆ ಬಸದಿ ದೇವರನ್ನ."

"ಹಂಗಾರ ಬಂಡಿ ಹೂಡಸ್ತೀನಿ."

"ನಡಕೋತ ಬರ್ತೀನಿ ಅಂತ ದೇವರಿಗೆ ಅಂದೇನ್ರಿ."

ಅತ್ತೆ ಚಾಪೆಯ ಕೆಳಗೆ ತೂರಿದರೆ ಸೊಸೆ ರಂಗೋಲಿಯ ಕೆಳಗೆ! ದೇವರ ಮುಂದೆ ಹಿಡಿದ ನೇಮ ಮುರಿಸಿದ ಪಾಪ ಯಾರಿಗೆ ಬೇಕು? ಅಕ್ಕುತಾಯಿ ಗೊಣಗುತ್ತ ಚಪ್ಪಲಿ ಮೆಟ್ಟಿ ಬೆನ್ನಿಗೆ ಬಿದ್ದಳು.

ಮೊದಮೊದಲು "ಹಗೂರ, ಹಗೂರ" ಎಂದು ಹೆಜ್ಜೆಗೊಮ್ಮೆ ಬೈದಳು. ದ್ರಾಕ್ಷಿ ತೋಟದ ಬದುವಿನಲ್ಲಿ ಸೊಸೆ ಒಮ್ಮೆ ಎಡವಿದಾಗ ಓಡಿಬಂದು ರಟ್ಟೆ ಹಿಡಿದಳು. ಆದರೆ ಅವತ್ತು ಸೊಸೆಗೆ ಹೊಟ್ಟೆ ನೋಯಲಿಲ್ಲ, ಮರುದಿನವೂ ನೋಯಲಿಲ್ಲ. ಬರಬರುತ್ತ ಬೈಗುಳ ಕಡಿಮೆಯಾಗಿ ಹರಟೆ ಹೆಚ್ಚಿತು. ಸೊಸೆಗೆ ಹಸಿವು ಬಂತು, ಮುಖಕ್ಕೆ ಕಳೆ ಬಂತು. ಅಕ್ಕುತಾಯಿಗೆ ಆಸೆ ಹುಟ್ಟಿತು, ಅದರ ಹಿಂದೆಯೇ ಅಂಜಿಕೆಯೂ ಹುಟ್ಟಿತು.

ಒಂಬತ್ತು ತುಂಬಿದ ಮೇಲೆ ಚಿಕ್ಕೋಡಿಯಲ್ಲಿ ಹೆಣ್ಣುಕೂಸು ಹುಟ್ಟಿತು. ಗುಂಡಗೆ, ಕೈತುಂಬ ಇತ್ತು. ನರ್ಸು ಬೋಗುಣಿಯಲ್ಲಿ ಮಾಸು ತೋರಿಸಿದಳು. ಜೋಳದ ಭಕ್ಕರಿಯಷ್ಟು ಅಗಲ, ಒಳ್ಳೆ ದಪ್ಪ.

"ಹೊಟ್ಟಿ ತುಂಬ ಉಣಿಸೇತಿ ನೋಡ್ರಿ ಇದು."

ಎಲ್ಲರೂ ನಕ್ಕರು. ಅಕ್ಕುತಾಯಿ ಮಾತ್ರ ಬೋಗುಣಿಯನ್ನೇ ನೋಡುತ್ತ ನಿಂತಿದ್ದವಳು ಸೊಸೆಯ ಮಂಚದ ಬಳಿ ಬಂದು ಕೂತಳು.

"ಸುಗಂಧಾ, ಹಂಗಾರ ಮೊದಲಿನ ಕೂಸನ್ನ ನಾನ ಮಲಗಿಸಿ ಕೊಂದೆನೇನವ್ವಾ?"

"ಹಂಗ ಹೇಳಾಕ ಬರೂದಿಲ್ರಿ, ಅದಕ್ಕ ನೂರು ಕಾರಣ ಇರತಾವು" ಎಂದು ಅಲ್ಲೇ ಇದ್ದ ಡಾಕ್ಟರಬಾಯಿ ಅಂದರು. ಅಕ್ಕುತಾಯಿಯ ಕಣ್ಣೀರು ನಿಲ್ಲಲಿಲ್ಲ.

ಸುಗಂಧಾ ಮೆಲ್ಲಗೆ ಎದ್ದು ಕೂತು ಮಗಳನ್ನು ಅತ್ತೆಯ ಮಡಿಲಿಗೆ ಹಾಕಿದಳು.

"ನಾ ಹಂಗ ಅಂದುಕೊಂಡಿದ್ರ ಇಕಿನ್ನ ನಿಮ್ಮ ಕೈಯಾಗ ಕೊಡ್ತಿದ್ನೇನ್ರಿ ಅತ್ತಿ?"