ಲೋರ್ನಾ ಬಿಗಿದ ಬೋಲ್ಟುಗಳು

ನಮ್ಮ ಕಡೆಯ ಗಂಡಸರಿಗೊಂದು ಹುಚ್ಚು. ಸ್ವಂತ ಕಾರನ್ನು ಇನ್ನೊಬ್ಬರು ಮುಟ್ಟಬಾರದು, ಹೆಂಡತಿಯಂತೂ ಮುಟ್ಟಲೇಬಾರದು. ಕ್ಲ್ಯಾರಿ ಟ್ರೆಗೆನ್ಜಾ ಈ ಹುಚ್ಚಿಗೆ ಗುರು. ನಲವತ್ತು ವರ್ಷ ಕುರಿ ಸಾಕುವವರ ಲಾರಿ, ಪಂಪು ರಿಪೇರಿ ಮಾಡಿದವನು. ಹೆಂಡತಿ ಲೋರ್ನಾ ಅಷ್ಟೂ ವರ್ಷ ಉಣ್ಣೆ ಕತ್ತರಿಸುವ ಆಳುಗಳಿಗೆ ಬೇಯಿಸಿ ಹಾಕಿದಳು. ಅವಳು ಮೊದಲ ಸಲ ಕಾರಿನ ಅಡಿ ನುಗ್ಗಿದ್ದು ಅರವತ್ತೆಂಟನೇ ವಯಸ್ಸಿನಲ್ಲಿ.

ಕ್ಲ್ಯಾರಿಯ ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಬ್ರೋಕನ್ ಹಿಲ್ ಪಟ್ಟಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಅವನು ಉಳಿಯುವುದಿಲ್ಲ. ನೂರಹತ್ತು ಕಿಲೋಮೀಟರ್ ದಾರಿ. ಬಹುಪಾಲು ಮಣ್ಣು, ತಗಡಿನ ಮಾಡಿನ ಹಾಗೆ ಉದ್ದಕ್ಕೂ ಉಬ್ಬುತಗ್ಗು. ಆ ದಾರಿ ಅವರ ಮುದಿ ಕಾರಿನ ಮುಂದಿನ ಬುಷ್‌ಗಳನ್ನು ತಿಂದುಹಾಕಿತ್ತು. ಗಾಲಿ ಹಿಡಿದ ಕಬ್ಬಿಣದ ತೋಳಿನ ಕೀಲಿನಲ್ಲಿ ಕೂರುವ ರಬ್ಬರ್ ಅದು. ಹೋಯಿತೆಂದರೆ ಕಾರು ನಿಮ್ಮ ಮಾತು ಕೇಳುವುದಿಲ್ಲ. ಪಟ್ಟಣದ ಗ್ಯಾರೇಜಿನವರು ಆರು ವಾರ ಬಿಟ್ಟು ಬನ್ನಿ ಎಂದರು.

ನಮ್ಮೂರಿನಲ್ಲಿ ಹದಿನಾಲ್ಕು ಜನ ಇದ್ದೇವೆ. ಬಾಯಿ ಬಿಟ್ಟು ಕೇಳಿದ್ದರೆ ಯಾರಾದರೂ ಕರೆದೊಯ್ಯುತ್ತಿದ್ದರು. ಆದರೆ ಕೇಳುವುದೆಂದರೆ ನಮ್ಮ ಜನಕ್ಕೆ ಪ್ರಾಣ ಹೋದಷ್ಟು ಸಂಕಟ. ಈ ಬಿಗುಮಾನಕ್ಕೆ ಬೆಂಕಿ ಬೀಳಲಿ.

ಶನಿವಾರ ಬೆಳಿಗ್ಗೆ ಕಾರು ಜಾಕಿನ ಮೇಲೇರಿತು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈಯಲ್ಲಿ ಕ್ಲ್ಯಾರಿ ಭಾರ ಎತ್ತುವಂತಿಲ್ಲ. ಕುರ್ಚಿಯಲ್ಲಿ ಕೂತು ಕೂಗುವುದಷ್ಟೇ ಅವನ ಕೆಲಸ.

"ಬಲಕ್ಕೆ ತಿರುಗ್ಸು ಅಂದ್ರೆ ಎಡಕ್ಕೆ ತಿರುಗಿಸ್ತೀಯಲ್ಲೇ!"

"ಯಾರ ಬಲ? ನಾನು ಅಂಗಾತ ಮಲ್ಗಿದೀನಿ ಮಾರಾಯ!"

"ಹೊಟ್ಟೆ ಒಳಗೆ ಎಳ್ಕೊ. ಕಾರಿಗೆ ತಾಗುತ್ತೆ."

"ನಿನ್ನ ಬಾಯಿ ಮೊದ್ಲು ಒಳಗೆ ಎಳ್ಕೊ."

ಹಳೆಯ ರಬ್ಬರನ್ನು ಗ್ಯಾಸ್ ಉರಿಯಿಂದ ಸುಟ್ಟು ತೆಗೆದಳು. ಪಟ್ಟಣದಿಂದ ತಂದಿದ್ದ ಹೊಸ ಬುಷ್‌ಗಳು ಕುಗ್ಗಲಿ ಎಂದು ರಾತ್ರಿಯಿಡೀ ಫ್ರೀಜರಿನಲ್ಲಿ ಕುರಿಮಾಂಸದ ಪಕ್ಕ ಇಟ್ಟಳು. ಭಾನುವಾರ ಮಧ್ಯಾಹ್ನಕ್ಕೆ ಅವು ಕೂತವು. ಬೋಲ್ಟು ಬಿಗಿಯುವುದಷ್ಟೇ ಬಾಕಿ.

ಅಲ್ಲೇ ಇರುವುದು ಮರ್ಮ. ಗಾಲಿ ನೆಲಕ್ಕೂರಿ ಕಾರಿನ ಭಾರ ಬಿದ್ದ ಮೇಲೆಯೇ ಆ ಬೋಲ್ಟು ಬಿಗಿಯಬೇಕು. ಗಾಲಿ ನೇತಾಡುವಾಗ ಬಿಗಿದರೆ, ಕಾರು ಇಳಿದಾಗ ರಬ್ಬರ್ ತಿರುಚಿಕೊಳ್ಳುತ್ತದೆ. ಸ್ವಲ್ಪ ದಿನಕ್ಕೇ ಹರಿಯುತ್ತದೆ. ಕ್ಲ್ಯಾರಿ ಇದನ್ನು ಊರಿಗೆಲ್ಲ ಪಾಠ ಹೇಳಿದವನು. ಆದರೆ ಆಗ ಅವನು ಕುರ್ಚಿಯಲ್ಲೇ ನಿದ್ದೆಹೋಗಿದ್ದ. ಕಾರು ಇಳಿಸಿದರೆ ಅಡಿಯಲ್ಲಿ ಜಾಗವಿಲ್ಲ, ಲೋರ್ನಾಳಿಗೆ ಜೀವಭಯ. ಮೇಲಿರುವಾಗಲೇ ಬಿಗಿದುಬಿಟ್ಟಳು.

ಎದ್ದವನೇ ಕೇಳಿದ: "ಇಳಿಸಿದ ಮೇಲೆ ತಾನೇ ಬಿಗಿದಿದ್ದು?"

"ಹೂಂ" ಎಂದಳು.

ಮುಂದಿನ ವಾರ ಮೂರು ಸಲ, ಅದರ ಮುಂದಿನ ವಾರ ಎರಡು ಸಲ ಹೋಗಿಬಂದರು. ಆ ಶುಕ್ರವಾರ ನಾನು ಟಪಾಲು ಲಾರಿ ಓಡಿಸಿಕೊಂಡು ಹೋಗುತ್ತಿದ್ದೆ; ವಾರಕ್ಕೊಮ್ಮೆ ನನಗೆ ಅದೇ ದಾರಿ. ಕಾರು ರಸ್ತೆ ಬಿಟ್ಟು ಪೊದೆಗೆ ನುಗ್ಗಿ ನಿಂತಿತ್ತು. ಕ್ಲ್ಯಾರಿ ಬಾಗಿಲು ತೆರೆದು ಸೀಟಿನಲ್ಲೇ ಕೂತಿದ್ದ, ಕಾಲೆರಡೂ ಊದಿದ್ದವು. ಲೋರ್ನಾ ಕಾರಿನಡಿ ಮಣ್ಣಿನಲ್ಲಿ ಬಿದ್ದು ಬರಿಗೈಯಲ್ಲಿ ಆ ಕಬ್ಬಿಣದ ತೋಳನ್ನು ಎಳೆದಾಡುತ್ತಿದ್ದಳು. ಮೊಣಕೈಯಿಂದ ರಕ್ತ ಸುರಿಯುತ್ತಿತ್ತು.

"ನೆವಿಲ್, ಇವ್ನಿಗೆ ಸುಳ್ಳು ಹೇಳ್ದೆ ಕಣೋ. ಇಳಿಸದೇ ಬಿಗಿದಿದ್ದೆ. ನಾನೇ ಇವ್ನನ್ನ ಕೊಂದೆ," ಎಂದು ನನ್ನನ್ನು ಕಂಡು ಅಡಿಯಿಂದಲೇ ಕೂಗಿದಳು.

"ಸುಳ್ಳು ಅಂತ ಮೊದಲ್ನೇ ಸೋಮವಾರವೇ ಗೊತ್ತಿತ್ತು," ಕ್ಲ್ಯಾರಿ ಅಂದ. "ಮೊದ್ಲ ಹಳ್ಳ ಇಳಿಯೋವಾಗ್ಲೇ ಕೀರ್ ಅಂತು."

ಲೋರ್ನಾ ತೆವಳಿಕೊಂಡು ಹೊರಗೆ ಬಂದಳು. "ಮತ್ತೆ ಯಾಕೆ ಹೇಳ್ಲಿಲ್ಲ? ಸಡಿಲ ಮಾಡಿ ಮತ್ತೆ ಬಿಗಿದಿದ್ರೆ ಮುಗೀತಿತ್ತು!"

ಅವನು ಅವಳ ಮುಖ ನೋಡಲಿಲ್ಲ. "ಸಾಕಾಗಿದೆ ಲೋರ್ನಾ. ಆ ಸೂಜಿ, ಆ ಆಸ್ಪತ್ರೆ ಕುರ್ಚಿ, ಈ ದಾರಿ. ಬರಲ್ಲ ಅಂತ ನಿಂಗೆ ಹೇಳೋಕೆ ಬಾಯಿ ಬರ್ಲಿಲ್ಲ. ಕಾರೇ ನಿಂತುಹೋದ್ರೆ ನಾನು ಹೇಳೋದೇ ಬೇಡವಲ್ಲ."

ನನಗೆ ಅವನನ್ನು ಹಿಡಿದು ಅಲುಗಿಸಬೇಕೆನಿಸಿತು. ಅವಳು ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಲಂಗಕ್ಕೆ ಕೈ ಒರೆಸಿಕೊಂಡು, "ನೆವಿಲ್, ಕಾಲು ಹಿಡ್ಕೊ" ಎಂದಳು. ಇಬ್ಬರೂ ಸೇರಿ ಅವನನ್ನು ಲಾರಿಗೆ ಹತ್ತಿಸಿದೆವು. ಅವನು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ದಾದಿಯರು ಅವನನ್ನು ಒಳಗೆ ಕರೆದೊಯ್ದರು. ಲೋರ್ನಾ ಲಾರಿಗೆ ವಾಪಸು ಬಂದು ಹತ್ತಿದಳು.

"ಬಿಡಿಭಾಗದ ಅಂಗಡಿಗೆ ನಡಿ. ಬುಷ್ ಬೇಕು."

"ಸೋಮವಾರ ಬರ್ತೀನಿ ಅಂದ್ನಾ?"

"ನಾನು ಕೇಳಿಲ್ಲ," ಎಂದಳು. "ಕೇಳಿದ್ರೆ ನಿಜ ಹೇಳ್ಬಿಡ್ತಾನೆ."