ಗೀರು ಎಂದು ನಾನು ಹೇಳಿದ ಗೆರೆ

ಜಲಜಾ, ಅದು ಗೀರಾಗಿರಲಿಲ್ಲ. ಬೆಳ್ಳಾರೆಯ ನಮ್ಮ ಸ್ಟೇಷನರಿ ಅಂಗಡಿಯಲ್ಲಿ ನೀನು ನನ್ನ ಕೈಗಿಟ್ಟ ಐದು ರೂಪಾಯಿ ನಾಣ್ಯದ ಮೇಲೆ ಇದ್ದದ್ದು ಅಚ್ಚಿನ ಬಿರುಕು. ನೋಡಿದ ಕೂಡಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ.

ನಾಣ್ಯದ ಹುಚ್ಚು ಮೊದಲು ನನ್ನೊಬ್ಬನದೇ ಆಗಿತ್ತು. ಗಿರಾಕಿಯ ಮುಖ ಬಿಟ್ಟು ಚಿಲ್ಲರೆಯ ಮುಖ ನೋಡುವ ವ್ಯಾಪಾರಿ ಎಂದು ನೀನು ತಮಾಷೆ ಮಾಡುತ್ತಿದ್ದೆ. ಆಮೇಲೆ, ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಅಂಗಡಿಯಲ್ಲಿ ಕೂತು ಕೂತು, ಆ ಹುಚ್ಚು ನಿನಗೂ ಹಿಡಿಯಿತು. ಕಲಿಸಿದವನೂ ನಾನೇ. ನಾಣ್ಯ ಒತ್ತುವ ಅಚ್ಚು ಬಿರುಕು ಬಿಟ್ಟರೆ ಲೋಹ ಆ ಸಂದಿಗೆ ನುಗ್ಗಿ, ನಾಣ್ಯದ ಮೇಲೆ ಗೆರೆ ಉಬ್ಬಿ ನಿಲ್ಲುತ್ತದೆ; ನಾಣ್ಯ ಕೂಡಿಡುವವರಿಗೆ ಅಂಥದ್ದು ಅಪರೂಪ. ಯಾರೋ ಗೀಚಿದ್ದಾದರೆ ತಗ್ಗಾಗಿರುತ್ತದೆ. ಓರೆ ಬೆಳಕಿಗೆ ಹಿಡಿ, ಉಗುರು ಆಡಿಸು – ಇಷ್ಟೇ ಹೇಳಿಕೊಟ್ಟದ್ದು. ನೀನು ಎಷ್ಟು ಬೇಗ ಕಲಿತುಬಿಟ್ಟೆ.

"ಇದು ನೋಡಿ, ಸಿಂಹದ ತಲೆಯಿಂದ ಅಂಚಿನವರೆಗೆ ಒಂದು ಗೆರೆ ಉಂಟು," ಎಂದೆ ನೀನು. "ಉಗುರಿಗೆ ತಾಗ್ತದೆ. ಎದ್ದು ನಿಂತ ಹಾಗೆ ಉಂಟಲ್ಲ?"

"ಎಂತ ಇಲ್ಲ, ಗೀರು ಅದು," ಎಂದೆ ನಾನು. ಭೂತಗನ್ನಡಿಯನ್ನು ಕೈಗೂ ತೆಗೆದುಕೊಳ್ಳಲಿಲ್ಲ.

ನೀನು ಅದನ್ನು ಗಲ್ಲಾಪೆಟ್ಟಿಗೆಗೆ ಹಾಕಿ ಮನೆಗೆ ಹೊರಟೆ. ನೀನು ರಸ್ತೆ ದಾಟುವ ತನಕ ನಾನು ಕಾದೆ. ಆಮೇಲೆ ಹುಡುಕಿ ತೆಗೆದು ಕಿಸೆಗೆ ಹಾಕಿಕೊಂಡೆ.

ಯಾಕೆ? ಅಷ್ಟು ವರ್ಷ ಹುಡುಕಿದರೂ ನನ್ನ ಕಣ್ಣಿಗೆ ಅಂಥದ್ದು ಒಂದೂ ಬಿದ್ದಿರಲಿಲ್ಲ. ನಿನ್ನ ಕಣ್ಣಿಗೆ ಬಿತ್ತು. ಹೊಟ್ಟೆಕಿಚ್ಚು – ಅದೂ ಕಟ್ಟಿಕೊಂಡ ಹೆಂಡತಿಯ ಮೇಲೆ. ಬರೆಯುವಾಗಲೂ ನಾಚಿಕೆಯಾಗುತ್ತದೆ.

ಪುತ್ತೂರಿನ ನಾಣ್ಯ ಪ್ರದರ್ಶನದಲ್ಲಿ ಅದನ್ನು ನನ್ನ ಹೆಸರಿನಲ್ಲೇ ಇಟ್ಟೆ. ಏನು ಕಣ್ಣು ಮಾರಾಯ್ರೆ ನಿಮ್ಮದು ಎಂದು ಜನ ಹೊಗಳಿದರು. ಹಲ್ಲು ಕಿರಿದು ನಿಂತೆ. ನೀನೂ ಬಂದಿದ್ದೆ. ಆ ನಾಣ್ಯದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ. ಗುರುತು ಸಿಕ್ಕಿತೋ, ಅಥವಾ... ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ. "ಲಾಯ್ಕ ಉಂಟು," ಎಂದಷ್ಟೇ ಹೊಗಳಿ ನೀನು ಮುಂದೆ ಹೋದೆ.

ಅಲ್ಲಿಂದಾಚೆಗೆ ನೀನು ಚಿಲ್ಲರೆಯನ್ನು ತಿರುಗಿಸಿ ನೋಡಿದ್ದನ್ನು ನಾನು ಕಂಡಿಲ್ಲ. ಆಸಕ್ತಿ ಹೋಯಿತೇನೋ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವೂ ಆಗಿತ್ತು.

ಕಳೆದ ವಾರ ಕೆದಂಬಾಡಿಯ ನಿನ್ನ ಗೆಳತಿ ವನಿತಾ ಅಂಗಡಿಗೆ ಬಂದು, ಗೆರೆಯಿದ್ದ ಒಂದು ನಾಣ್ಯವನ್ನು ನಿನ್ನ ಮುಂದೆ ಹಿಡಿದಳಲ್ಲ. ನೀನು ಅದನ್ನು ಮುಟ್ಟಲೇ ಇಲ್ಲ.

"ನನಗೆ ಅದೆಲ್ಲ ಗೊತ್ತಾಗುದಿಲ್ಲ ಮಾರಾಯ್ತಿ," ಎಂದೆ. "ಒಮ್ಮೆ ಗೀರನ್ನು ಬಿರುಕು ಅಂತ ಹೇಳಿದವಳು ನಾನು. ಇವರತ್ರ ಕೇಳು."

ನಗುತ್ತಲೇ ಹೇಳಿದೆ. ಚುಚ್ಚುವ ಮಾತಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆದರೆ ನೀನು ಅದನ್ನು ನಂಬಿಬಿಟ್ಟಿದ್ದೀ – ನನ್ನ ಒಂದು ಮಾತನ್ನು ನಂಬಿ, ನಿನ್ನ ಕಣ್ಣನ್ನೇ ನಂಬದೆ ಇಷ್ಟು ವರ್ಷ ಕಳೆದಿದ್ದೀ.

ನಾಳೆ ಅಂಗಡಿ ತೆರೆಯುವ ಮೊದಲು ಈ ಕಾಗದವನ್ನು ನಾನೇ ನಿನ್ನೆದುರು ಕೂತು ಓದುತ್ತೇನೆ. ಬೈದರೆ ಕೇಳಿಸಿಕೊಳ್ಳುತ್ತೇನೆ, ಮಾತು ಬಿಟ್ಟರೆ ಅದೂ ನ್ಯಾಯವೇ. ಈ ಸಲದ ಪುತ್ತೂರಿನ ಪ್ರದರ್ಶನದಲ್ಲಿ, ಅಂದು ನನ್ನನ್ನು ಹೊಗಳಿದವರ ಮುಂದೆಯೇ, ಅದನ್ನು ಕಂಡುಹಿಡಿದವರು ಯಾರೆಂದು ಹೇಳುತ್ತೇನೆ. ಅಷ್ಟಾದರೂ, ಇನ್ನೊಂದು ನಾಣ್ಯ ಕೈಗೆ ಬಂದಾಗ ನೀನು ನನ್ನನ್ನು ಕೇಳದೆ ಅದನ್ನು ಬೆಳಕಿಗೆ ಹಿಡಿದು ನೋಡುತ್ತೀಯೋ ಇಲ್ಲವೋ – ನನಗೆ ತಿಳಿಯದು.