ಕೊನೇ ಸೀಟಿನ ಸಾಕಮ್ಮತ್ತೆ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರೆಲ್ಲ ಬಾನೆಟ್ ಎತ್ತಿಸುವ ಹೊತ್ತಿಗೆ ನಮ್ಮ ಸಾಕಮ್ಮತ್ತೆ ಚಪ್ಪಲಿ ಕಳಚಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೊನೇ ಸೀಟಿಗೆ ಹತ್ತಿಬಿಟ್ಟಿರುತ್ತಿದ್ದಳು. ಅರವತ್ತು ದಾಟಿದ, ಮಂಡಿನೋವಿನ, ಭಾರೀ ಹೆಂಗಸು. ಮೂಲೆಯಲ್ಲಿ ಕೂತು ಏದುಸಿರು ಬಿಡುತ್ತಾ ಅಲ್ಲಿಂದಲೇ ಕೂಗುವಳು: “ಬಾಗ್ಲೆಲ್ಲಾ ಆಕ್ಬುಡಿ. ಎಲ್ರೂ ದೂರ ಓಗಿ ನಿಂತ್ಕಳಿ. ಯಾರೂ ಕೈ ಕೊಡ್ಬ್ಯಾಡಿ.”

ಮೂರು ಸಾಲು ಸೀಟಿನ ಆ ಗಾಡಿಗಳಲ್ಲಿ ಕೊನೇ ಸಾಲಿಗೆ ಬೇರೆ ಬಾಗಿಲಿರುವುದಿಲ್ಲ; ಅಲ್ಲಿಂದ ಅವಳೊಬ್ಬಳೇ ಹೊರಗೆ ಬರಬೇಕು. ಮಧ್ಯದ ಸೀಟಿನ ಪಕ್ಕದ ಲಿವರ್ ಎಳೆದು, ಸೀಟು ಮಡಚಿ, ಒಳಗಿನಿಂದ ಬಾಗಿಲು ತೆಗೆದು ಇಳಿದರೆ ಆ ಗಾಡಿ ಪಾಸು. ಲಿವರ್ ಬಿಗಿಯಾಗಿದ್ದರೆ, ಸೀಟು ಅರ್ಧಕ್ಕೇ ನಿಂತರೆ, ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ವ್ಯಾಪಾರ ಅಲ್ಲಿಗೆ ಮುಗಿಯಿತು. ನೆಂಟರಿಷ್ಟರಲ್ಲಿ ಯಾರು ದೊಡ್ಡ ಗಾಡಿ ತೆಗೆದುಕೊಳ್ಳಲಿ, ಕರೆಯದಿದ್ದರೂ ಹೊಳಲಿನಿಂದ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ನನಗಂತೂ ನಾಚಿಕೆಯಿಂದ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತಿತ್ತು.

ಒಮ್ಮೆ ದುದ್ದದ ನಮ್ಮ ನೆಂಟರೊಬ್ಬರಿಗೆ ಗಾಡಿ ನೋಡಲು ಮದ್ದೂರಿಗೆ ಹೋಗಿದ್ದೆವು. ಅವರು ಆಯಿಲ್ ಮುಚ್ಚಳ ತೆಗೆಸಿ ಹೊಗೆ ಬರುತ್ತದಾ ನೋಡಿದರು, ಬಾಗಿಲ ರಬ್ಬರ್ ಎಳೆದು ಒಳಗೆ ತುಕ್ಕಿದೆಯಾ, ಡೆಂಟಿಂಗ್ ಆಗಿದೆಯಾ ನೋಡಿದರು, ಬಗ್ಗಿ ಕೆಳಗೆಲ್ಲ ಟಾರ್ಚ್ ಬಿಟ್ಟರು. ಅತ್ತೆ ಕೊನೇ ಸೀಟಿಗೆ ಹೊರಟಾಗ ಮಾರುವವನು, “ಅಜ್ಜೀ, ಅಲ್ಲಿ ನೋಡಕೇನೈತೆ? ಅಲ್ಲಿ ಮಕ್ಳು ಮರಿ ಕೂತ್ಕತವೆ ಅಷ್ಟೆಯ” ಅಂದ. ಅತ್ತೆ ಅವನನ್ನು ಬಿಟ್ಟು ನಮ್ಮ ನೆಂಟರನ್ನೇ ಹಿಡಿದಳು. “ನೀ ಅತ್ತಪ್ಪ ಇವತ್ತು. ಮುಂದೆ ಕೂತ್ಕಳೋನು ಗಾಡಿ ತಗತನೆ, ಇಂದೆ ಕೂತ್ಕಳೋರು ಅದ್ರೊಳಗೆ ಬದುಕ್ಬೇಕು. ಅತ್ತು, ನೋಡನ.” ಮರ್ಯಾದೆಗೆ ಅಂಜಿ ಅವರು ಹತ್ತಿದರು. ಲಿವರ್ ಕಿತ್ತುಕೊಂಡು ಕೈಗೇ ಬಂತು, ಹೊಟ್ಟೆ ಎರಡು ಸೀಟಿನ ನಡುವೆ ಸಿಕ್ಕಿಕೊಂಡಿತು. ಸುತ್ತ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಅತ್ತೆ ನಗಲಿಲ್ಲ. ಅವರು ಹೊರಗೆ ಬರುವವರೆಗೂ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದಳು.

ನಗಬಾರದಿತ್ತು. ಅವಳಿಗೆ ಈ ಚಾಳಿ ಯಾಕೆ ಅಂಟಿತು ಅನ್ನುವುದು ನಮ್ಮೆಲ್ಲರಿಗೂ ಗೊತ್ತಿತ್ತು.

ಅತ್ತೆಗೆ ಒಬ್ಬಳೇ ಮಗಳು, ಮಂಜುಳ. ಅವಳು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ಮಾವ ಇಂಥದೇ ಒಂದು ಹಳೇ ಗಾಡಿ ಕೊಂಡರು. ಕೊಳ್ಳುವ ಮುಂಚೆ ಊರಿನ ಗಂಡಸರೆಲ್ಲ ಸೇರಿ ಎಂಜಿನ್ ನೋಡಿದರು, ಟೈರು ನೋಡಿದರು. ದೇವಸ್ಥಾನಕ್ಕೆ ಹೋಗಿ ಹೂ ಕೇಳಿದರು. ದೇವರು ಬಲಗಡೆಯಿಂದಲೇ ಹೂ ಕೊಟ್ಟಿತು. ಇನ್ನೇನು ಬೇಕು? ಮಂಡ್ಯದ ಕುಷನ್ ಅಂಗಡಿಯ ನಂಜುಂಡಣ್ಣನ ಹತ್ತಿರ ಹೊಸ ಸೀಟ್ ಕವರ್ ಹೊಲಿಸಿ, ಪೂರಿಗಾಲಿಗೆ ಬೀಗರೂಟಕ್ಕೆ ಹೊರಟರು. ಊಟ ಮುಗಿಸಿ ವಾಪಸು ಬರುವಾಗ, ನಾಲೆ ಏರಿ ಮೇಲೆ ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಗಾಡಿ ನೀರಿಗೆ ಉರುಳಿತು. ಮುಂದಿದ್ದವರು, ಮಧ್ಯದಲ್ಲಿದ್ದವರು ಬಾಗಿಲು ತೆಗೆದುಕೊಂಡು ಹೇಗೋ ಬಂದರು. ಅತ್ತೆಯೂ ಬಂದಳು. ಕೊನೇ ಸೀಟಿನಲ್ಲಿದ್ದ ಮಂಜುಳ ಬರಲಿಲ್ಲ.

ನಂಜುಂಡಣ್ಣ ಹೊಲಿದ ಕವರ್ ಒಳಗೆ ಲಿವರ್ ಸಿಕ್ಕಿಕೊಂಡಿತ್ತು, ಎಷ್ಟು ಎಳೆದರೂ ಸೀಟು ಮಡಚಲಿಲ್ಲ ಅಂತ ಅತ್ತೆ ಅವತ್ತೇ ಹೇಳಿದ್ದಳು. ಮಣ್ಣು ಮುಗಿದ ಮೇಲೆ ಮಾವ ಮಂಡ್ಯಕ್ಕೆ ಹೋಗಿ ಅವನ ಹೊಲಿಗೆ ಮಿಷನ್ನನ್ನು ಬೀದಿಗೆ ಎಸೆದರು. ನಂಜುಂಡಣ್ಣ ತುಟಿ ಬಿಚ್ಚಲಿಲ್ಲವಂತೆ. ನಮ್ಮ ಕಡೆಯವರು ಯಾರೂ ಮತ್ತೆ ಅವನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಅವನ ಹೆಸರೆತ್ತಿ ಶಾಪ ಹಾಕದೆ ಮಾವ ಒಂದು ತುತ್ತನ್ನೂ ಬಾಯಿಗೆ ಇಟ್ಟವರಲ್ಲ.

ಮಾವ ತೀರಿಕೊಂಡ ಮರುವರ್ಷ ನಾನೂ ಏಳು ಸೀಟಿನ ಗಾಡಿಯೊಂದನ್ನು ನೋಡಲು ಹೋದೆ. ಮಳವಳ್ಳಿಯಲ್ಲಿ, ಒಂದು ಪೆಟ್ರೋಲ್ ಬಂಕಿನ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಆ ಹೊತ್ತಿಗೆ ಅತ್ತೆಗೆ ಎದೆನೋವು ಶುರುವಾಗಿತ್ತು, ಬರಬೇಡ ಅಂದರೂ ಬಂದಳು. ಎಂದಿನಂತೆ ಹತ್ತಿದಳು, ಎಂದಿನಂತೆ ಬಾಗಿಲು ಹಾಕಿಸಿದಳು. ನಾವು ದೂರ ಹೋಗಿ ಕಾದೆವು. ಲಿವರ್ ಎಳೆದ ಸದ್ದು ಕೇಳಿತು, ಸೀಟು ಸಲೀಸಾಗಿ ಮುಂದಕ್ಕೆ ಮಡಚಿತು. ಅತ್ತೆ ಮಾತ್ರ ಇಳಿಯಲಿಲ್ಲ.

ನಾನು ಓಡಿ ಹೋಗಿ ಬಾಗಿಲು ತೆಗೆದೆ. ಅತ್ತೆ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಏನಾಯ್ತತ್ತೆ? ಎದೆನೋವಾ?”

“ಎಷ್ಟ್ ಸಲೀಸಾಗಿ ಬತ್ತದೆ ನೋಡ್ಲಾ ಸಿವು. ಒಂದ್ ಬೆಳ್ಳಾಕುದ್ರೆ ಸಾಕು.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಾ ಯೋಳಿದ್ದೆಲ್ಲಾ ಸುಳ್ಳು ಕಣ್ಲಾ. ಲಿವರ್ ಸಿಕ್ಕಾಕಂಡಿರ್ನಿಲ್ಲ. ನಾ ಎಳೀನೇ ಇಲ್ಲ. ಅಲ್ಲೊಂದ್ ಲಿವರ್ ಅದೆ ಅಂತ್ಲೇ ನಂಗ್ಗೊತ್ತಿರ್ನಿಲ್ಲ. ನಾ ಕೂತಿದ್ ಸೀಟು ಅದು. ಆಚೆ ಬಂದ್ ನಿಂತ್ಕಂಡು, ಬಾರೇ ಮಂಜೀ ಬಾರೇ ಅಂತ ಕೈ ಇಡ್ದು ಎಳೀತಿದ್ದೆ. ಸೀಟು ಅಡ್ಡ. ಕ್ರೇನ್ ತಂದು ಗಾಡಿ ಎತ್ತುದ್ಮ್ಯಾಲೆ ಯಾವನೋ ಒಬ್ಬ, ಲಿವರ್ ಎಳ್ದಿದ್ರೆ ಸೀಟು ಮಡ್ಚ್ಕತಿತ್ತಲ್ಲಮ್ಮ ಅಂದ. ಮಂಜಿ ಅಲ್ಲೇ ಮಲ್ಗವ್ಳೆ. ಅವತ್ತೇ ನಾ ಕೇಳಿದ್ದು ಲಿವರ್ ಅನ್ನೋ ಮಾತ. ನಿಮ್ಮಾವ ನನ್ ಮೊಕ ನೋಡುದ್ರು. ಕವರ್ ಒಳಗೆ ಸಿಕ್ಕಾಕಂಡಿತ್ತು ಅಂದ್ಬುಟ್ಟೆ.”

ಹೊರಗೆ ಮಾರುವವನು ಏನಾಯ್ತು ಸಾರ್ ಅಂತ ಕೂಗುತ್ತಿದ್ದ.

“ಆಮ್ಯಾಕಾದ್ರೂ ಯೋಳ್ಬೋದಿತ್ತಲ್ಲತ್ತೆ,” ಅಂದೆ.

“ಎಂಗ್ ಯೋಳ್ಲಿ? ಅವತ್ತು ಸ್ಟೇರಿಂಗ್ ಇಡ್ಕಂಡಿದ್ದೋರು ನಿಮ್ಮಾವ. ನಂಜುಂಡನ್ನ ಬೈಕಂಡು ಎಂಗೋ ಜೀವ ಇಡ್ಕಂಡಿದ್ರು. ಇನ್ನೇನು, ಅವ್ರೂ ಇಲ್ಲ. ನೀನೋಗಿ ನಂಜುಂಡಂಗೆ ಯೋಳ್ಬುಡಪ್ಪ. ನನ್ ಕೈಲಿ ಮೊಕ ತೋರ್ಸಕಾಗಕಿಲ್ಲ.”

ಅವಳನ್ನು ಎತ್ತಿಕೊಂಡೇ ಇಳಿಸಿ, ಆಸ್ಪತ್ರೆಗೆ ತೋರಿಸಿ, ಹೊಳಲಿಗೆ ಬಿಟ್ಟುಬಂದೆ.

ನನಗೆ ಅವಳ ಮೇಲೆ ಕೋಪ ಬಂತು, ಸುಳ್ಳೇಕೆ ಹೇಳಲಿ. ಒಬ್ಬ ಬಡಪಾಯಿಯ ತಲೆಗೆ ಸಾವು ಕಟ್ಟಿ ಇಷ್ಟು ಕಾಲ ಸುಮ್ಮನಿದ್ದಳಲ್ಲ ಅಂತ. ಅದಕ್ಕಿಂತ ಹೆಚ್ಚಿನ ಕೋಪ ಬಂದದ್ದು ನಮ್ಮ ಗಂಡಸರ ಮೇಲೆ. ದೇವರನ್ನು ಕೇಳಿದರು, ಮೆಕ್ಯಾನಿಕ್ಕನ್ನು ಕೇಳಿದರು. ಆ ಸೀಟಿನ ಮೇಲೆ ಕೂರುವ ಹೆಂಗಸಿಗೆ ಅದು ಮಡಚುತ್ತದೆ ಅನ್ನುವುದೊಂದನ್ನು ಹೇಳಲು ಯಾರಿಗೂ ತೋಚಲಿಲ್ಲ.

ಮರುದಿನವೇ ಮಂಡ್ಯಕ್ಕೆ ಹೋದೆ. ನಂಜುಂಡಣ್ಣ ಮುದುಕನಾಗಿದ್ದ, ಅಂಗಡಿಯೂ ಮೊದಲಿನ ಅರ್ಧಕ್ಕೆ ಇಳಿದಿತ್ತು. ಸ್ಕೂಟರಿನ ಸೀಟೊಂದಕ್ಕೆ ರೆಕ್ಸಿನ್ ಎಳೆಯುತ್ತಾ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಸಿಟ್ಟು ಮಾಡಿಕೊಳ್ಳುತ್ತಾನೆ, ಮಾಡಿಕೊಳ್ಳಲಿ ಅಂದುಕೊಂಡೇ ಹೋಗಿದ್ದೆ.

“ಆವಮ್ಮ ಎಂಗವ್ಳೆ ಈಗ?” ಅಂದ.

“ಮಲಗ್ಬುಟ್ಟವ್ಳೆ. ಜಾಸ್ತಿ ದಿನ ಇಲ್ಲ ಅಂದವ್ರೆ ಡಾಕ್ಟ್ರು.”

ಅವನು ಸುತ್ತಿಗೆ ಕೆಳಗಿಟ್ಟ. “ಅಂಗಾರೆ ನಾ ಯೋಳ್ದೆ ಅಂತ ಯೋಳು. ಕವರ್ ಬಿಗಿಯಾಗೇ ಒಲ್ದಿದ್ದೆ, ಲಿವರ್ ಪೂರ್ತಿ ಮುಚ್ಚೋಗಿತ್ತು, ನೀ ಎಳ್ದಿದ್ರೂ ಬತ್ತಿರ್ನಿಲ್ಲ ಅನ್ನು.”

“ನಿಜಾನಾ ನಂಜುಂಡಣ್ಣ?”

“ಲಿವರಿಗೆ ಜಾಗ ಬುಡ್ದೆ ಒಲೆಯಕೆ ನಾನೇನು ಕಸುಬು ಗೊತ್ತಿಲ್ದೋನಾ? ಆದ್ರೂ ಯೋಳು. ನಂಗೆ ಬೈಸ್ಕಂಡು ರೂಢಿ ಆಗೋಗದೆ. ಆವಮ್ಮ ಯಾಕೆ ಅದ್ನ ಒತ್ಕಂಡ್ ಓಗ್ಬೇಕು?”

ಅಲ್ಲಿಂದ ನೇರವಾಗಿ ಹೊಳಲಿಗೆ ಹೋದೆ. ಅತ್ತೆ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಕೂತು, ನಂಜುಂಡಣ್ಣ ಹೇಳಿಕೊಟ್ಟದ್ದನ್ನು ಹಾಗೆಯೇ ಹೇಳಿದೆ. ಕವರ್ ಬಿಗಿಯಿತ್ತು, ಎಳೆದಿದ್ದರೂ ಬರುತ್ತಿರಲಿಲ್ಲ, ಅವನೇ ಒಪ್ಪಿಕೊಂಡ ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದಳು.

“ಒಳ್ಳೇ ಮನ್ಸ ಕಣ್ಲಾ ನಂಜುಂಡ,” ಅಂದಳು. “ಸುಳ್ಳೇಳ್ತಾವ್ನೆ.”

ಗೋಡೆ ಕಡೆಗೆ ತಿರುಗಿ ಮಲಗಿಕೊಂಡಳು. ನಾನು ಕೇಳಿದ ಅವಳ ಕೊನೆಯ ಮಾತು ಅದು.